ಗಾಜಿನ ಮ್ಯಾಲೆ ಬಿದ್ದ ಭಂಡಾರ

ಮೈಲಾರಲಿಂಗಪ್ಪನ ಒಕ್ಕಲಾದ ಹಿರಿಯರ ಮುಂದ ಮೊದಲಿಗೆ ತಪ್ಪು ಒಪ್ಪಿಕೊಂಡಬಿಡ್ತೇನಿ. ಕ್ಯಾನ್ಸರ್ ಗಡ್ಡಿ ಮ್ಯಾಲೆ ದೇವರ ಭಂಡಾರ, ಅಂದ್ರ ಗುಡಿ ಅರಿಶಿಣದ ಪುಡಿ, ಚೆಲ್ಲಿದ ಶಾಣ್ಯಾ ಈ ಭೂಮಿ ಮ್ಯಾಲೆ ಒಬ್ಬನ ಅದಾನ. ಅವ ಬೆಳಗಾವಿ ಮಹಾಂತೇಶ ನಗರದಾಗ ಇರ್ತಾನ, ಹೆಸರು ಮಲ್ಲಪ್ಪ, ಈಗ ಇದನ್ನ ಬರಿಯಾಕತ್ತಾನ.

ನಾ ಕೆಲಸ ಮಾಡೂದು ಕ್ಯಾನ್ಸರ್ ಸಂಶೋಧನಾ ಲ್ಯಾಬಿನ್ಯಾಗ. ಆಪರೇಶನ್ ಮಾಡಿ ತಗದ ಗಡ್ಡಿನ ಮೇಣದಾಗ ಕೂಡಿಸಿ, ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ ಹೆರದು ಗಾಜಿನ ಪಟ್ಟಿ ಮ್ಯಾಲೆ ಕುಂಡ್ರಸ್ತೇವಿ. ಅದಕ್ಕ ಹೊಳಿಯೂ ಬಣ್ಣ ಹಚ್ಚಿ ಮಿಷಿನ್ನಿಗೆ ಇಟ್ರ, ಒಂದೊಂದು ಜೀವಕೋಶ ಎಲ್ಲಿ ಕುಂತೈತಿ, ಅದರ ಬಾಜು ಯಾರದಾರ ಅಂತ ಕಾಣ್ತೈತಿ. ಕೆಂಪು ಅಂದ್ರ ಗಡ್ಡಿ ಕೋಶ. ಹಸರು ಅಂದ್ರ ಅದರ ಜೋಡಿ ಬಡದಾಡೂ ನಮ್ಮ ಮೈಯಾನ ಸಿಪಾಯಿ ಕೋಶ. ಒಂದು ಸುತ್ತು ಬಣ್ಣ ಹಚ್ಚಿ ಫೋಟೋ ತಗೊಂಡು, ಜೋರು ದೀಪದ ಕೆಳಗ ಇಟ್ಟು ಆ ಬಣ್ಣ ಕಳದು, ಮತ್ತ ಬ್ಯಾರೆ ಬಣ್ಣ ಹಚ್ಚೂದು. ದೀಪ ಹಚ್ಚೂ ಕೆಲಸ ನಂದ. ಈ ದೀಪಾನ ನೀವಾದ್ರೂ ನೆನಪಿಟ್ಕೋರಿ. ನಾ ಮರತಿದ್ದೆ.

ಹೋದ ವರ್ಷ ಖಾನಾಪುರ ತಾಲೂಕು ಬೀಡಿಯಿಂದ ನೀಲವ್ವ ಆಯಿ ಅಂತ ಒಬ್ರು ಅಜ್ಜಿ ಬಂದ್ರು. ಎದಿಯಾಗಿನ ಗಡ್ಡಿ ತಗದಿದ್ರು. ಪ್ರತಿ ಸರತಿ ಒಬ್ರ ಬಸ್ಸಿಗೆ ಬರೂದು, ಒಬ್ರ ಹೋಗೂದು. ಊರಾಗ ಕೇಳಿದವರಿಗೆ "ಮೊಣಕಾಲು ನೋವು" ಅಂತ ಹೇಳಿದ್ರು. ಗಡ್ಡಿನ ಸಂಶೋಧನೆಗೆ ಕೊಡ್ತೀರೇನು ಅಂತ ಕೇಳಿ, ತಿಳಿಸಿ ಹೇಳಿ, ಸಹಿ ತಗೊಳ್ಳೂದು ನನ್ನ ಪಾಲಿಗೆ ಬಂತು.

"ಆಯಿ, ಜನಗಣತಿ ಮಾಡಿದ್ರ ಊರಾಗ ಎಷ್ಟು ಮಂದಿ ಅದಾರ ಅಂತಷ್ಟ ಗೊತ್ತಾಕ್ಕೈತಿ. ಯಾರ ಮನಿ ಬಾಜು ಯಾರ ಮನಿ, ಯಾರ ಜೋಡಿ ಯಾರು ಮಾತು ಬಿಟ್ಟಾರ, ಅದನ್ನ ತಿಳೀಬೇಕಂದ್ರ ಓಣಿ ಓಣಿ ತಿರಗಬೇಕಲ್ರಿ? ಈ ಮಿಷಿನ್ ಗಡ್ಡಿ ಒಳಗ ಓಣಿ ತಿರಗ್ತೈತಿ."

"ನಮ್ಮ ಬಾಜು ಮನಿ ಶಾಂತವ್ವನ್ನ ಕಳಸ್ತೇನಿ ತಗೋ. ಮಿಷಿನ್ನಿಗಿಂತಾ ಚಲೋ ತಿರಗ್ತಾಳ" ಅಂದ್ರು ಆಯಿ. ಸಹಿ ಮಾಡಿ ಪೆನ್ ಹಿಡಕೊಂಡ ಕುಂತ್ರು. "ತಗದು ಒಗದಿದ್ದು ನನಗ್ಯಾಕ, ನೀವ ಇಟ್ಕೋರಿ. ಆದ್ರ ಒಂದು ಕರಾರು. ಅದರೊಳಗ ಯಾರ್ಯಾರು ಕುಂತಿದ್ರು ಅಂತ ನನಗೂ ತೋರಸ್ಬೇಕು."

"ನನ್ನ ಮ್ಯಾಲೆ ಬಿಡ್ರಿ" ಅಂದೆ. ನಮ್ಮ ಲ್ಯಾಬ್ ನಡಸೂ ಮೇಡಮ್ನೋರನ್ನ ಕೇಳಿದ್ನೇನು? ಇಲ್ಲ. ಎದಿ ಉಬ್ಬಿಸಿ ಮಾತು ಕೊಡೂದ್ರಾಗ ನಾ ಯಾವತ್ತೂ ಹಿಂದ ಬಿದ್ದಾವಲ್ಲ.

ಆ ಗಡ್ಡಿ ಸಣ್ಣದು. ಬ್ಯಾರೆ ಬ್ಯಾರೆ ಪರೀಕ್ಷೆಗೆ ಹೆರದು ಹೆರದು, ಮೇಣದ ಬಿಲ್ಲಿಯೊಳಗ ಉಳದದ್ದು ಕಡೀ ಒಂದು ಪದರ. ಅದನ್ನ ಗಾಜಿನ ಮ್ಯಾಲೆ ಕುಂಡ್ರಿಸಿ ಮೇಡಮ್ನೋರು ನನ್ನ ಕೈಗೆ ಕೊಟ್ಟು, "ಮಲ್ಲಪ್ಪ, ಇದು ಹೋದ್ರ ಮತ್ತಿಲ್ಲ" ಅಂದ್ರು.

ಅದು ಸೋಮವಾರ. ಹಿಂದಿನ ದಿನ ಐತವಾರ ಗುಡಿಗೆ ಹೋಗಿದ್ದೆ, ಕಿಸೆದಾಗ ಭಂಡಾರದ ಪುಡಕಿ ಇತ್ತು. ಕೆಲಸ ಪಾರಾಗ್ಲಿ ಅಂತ ಮಿಷಿನ್ನಿಗೆ ಒಂದು ಚಿಟಿಕಿ ಹಚ್ಚಿದೆ. ಕಂಪ್ಯೂಟರಿಗೆ ಒಂದು ಚಿಟಿಕಿ. ಆಯಿಯ ಗಾಜು ಇಟ್ಟಿದ್ದ ಡಬ್ಬಿಗೆ ಬೇಕಂತ ಎರಡು ಚಿಟಿಕಿ. ಆಮ್ಯಾಲೆ ಅದ ಕೈಲೆ ಡಬ್ಬಿ ಮುಚ್ಚಳ ತಗದೆ. ಮ್ಯಾಲಿಂದ ಏಸಿ ಗಾಳಿ ಬರ್ರ್ ಅಂತ ಬೀಸ್ತು.

ಬಣ್ಣ ಹಚ್ಚಿ ಮಿಷಿನ್ನಿಗೆ ಇಟ್ಟೆ, ಫೋಟೋ ಬಂತ್ರಿ. ಏನ್ ಹೇಳ್ಲಿ! ಎಲ್ಲಿ ನೋಡಿದ್ರಲ್ಲಿ ಹಸರು. ಸಾವಿರಾರು ಸಿಪಾಯಿಗಳು! ಏಳು ಕೋಟಿ ಏಳು ಕೋಟಿಗೋ ಅಂತ ಮೈಲಾರಲಿಂಗನ ಜೈಕಾರ ಹಾಕಿ ಲ್ಯಾಬಿನ್ಯಾಗ ಕುಣದೆ. ಅವ್ವಗ ಫೋನ್ ಹಚ್ಚಿ "ದೇವರು ಪವಾಡ ಮಾಡ್ಯಾನ" ಅಂದೆ. ಅಕಿ ಅರ್ಧಾ ತಾಸಿನ್ಯಾಗ ಮಹಾಂತೇಶ ನಗರಕ್ಕೆಲ್ಲಾ ಹೇಳಿ ಮುಗಿಸಿದ್ಲು. ಆಮ್ಯಾಲೆ ಸಾವಕಾಶ ನೋಡ್ತೇನಿ, ಮಾಂಸ ಇಲ್ಲದ ಬರೀ ಗಾಜಿನ ಮ್ಯಾಲೂ ಸಿಪಾಯಿಗಳು. ಗಾಜಿನ ಅಂಚಿಗೂ ಸಿಪಾಯಿಗಳು. ನನ್ನ ಹೆಬ್ಬಟ್ಟಿನ ಆಕಾರದಾಗ ಒಂದು ಪೂರಾ ಪಲ್ಟನ್ನು.

ಅರಿಶಿಣ ಆ ಬೆಳಕಿನ್ಯಾಗ ಹಸರಾಗಿ ಹೊಳೀತೈತಂತ ನನಗ ಅವತ್ತ ಗೊತ್ತಾತು.

ತೊಳದೆ. ಇದ್ದಲ್ಲಿ ಇದ್ದದ್ದು ಎಲ್ಲಾ ಕಡೆ ಹರಡ್ತು. ಮತ್ತ ತೊಳದೆ, ಇನ್ನಷ್ಟು ಚಂದ ಹೊಳೀತು. ಡಬ್ಬಿ ಮುಚ್ಚಿ ಫ್ರಿಜ್ಜಿನ್ಯಾಗ ಹಿಂದ ಸರಿಸಿಟ್ಟೆ. ಮೇಡಮ್ನೋರು ಕೇಳಿದ್ರ "ನಡದೈತ್ರಿ" ಅಂತಿದ್ದೆ. ಹಂಗ ವಾರ ಕಳೀತು. ನೌಕರಿ ಹೋಗ್ಲಿ, ಇನ್ನೊಂದು ಸಿಗ್ತೈತಿ. ಆಯಿ ಕೊಟ್ಟ ಕಡೀ ಪದರ ಎಲ್ಲಿಂದ ತರ್ಲಿ? ಮುಂಜಾನೆ ದೇವರ ಜಗಲಿ ಮುಂದ ನಿಂತು, "ಎಪ್ಪಾ ಮೈಲಾರಲಿಂಗ, ಭಂಡಾರ ನಿಂದು, ಹುಚ್ಚುತನ ನಂದು. ನಿಂದು ನೀ ತಗೋ, ನಂದು ನಾ ಅನುಭವಿಸ್ತೇನಿ. ಆ ಮುದುಕಿ ಗಾಜು ಉಳಸು" ಅಂತ ಅತ್ತಬಿಟ್ಟೆ. ನಮ್ಮವ್ವ ಪವಾಡದ ಸಂತೋಷಕ್ಕ ಅಳಾಕತ್ತಾನ ಅಂತ ತಿಳಕೊಂಡು ತಾನೂ ಅತ್ಲು.

ಮುಂದಿನ ಐತವಾರ ಬೀಡಿ ಬಸ್ ಹತ್ತಿದೆ. ಮೊದಲ ಆಯಿಗೆ ಖರೇ ಹೇಳೂದು ಅಂತ ನಿರ್ಧಾರ. ದೇಸೂರು ದಾಟೂತನ ಧೈರ್ಯ ಇತ್ತು. ಖಾನಾಪುರದಾಗ ಬಸ್ ನಿಂತಾಗ ಇಳದು ವಾಪಸ್ ಹೋಗಿಬಿಡೂಣು ಅನಿಸ್ತು. ಆದ್ರ ಕಿಡಕಿ ಬಾಜು ಸೀಟು ಸಿಕ್ಕಿತ್ತು, ಬಿಡಾಕ ಮನಸ್ಸಾಗಲಿಲ್ಲ.

ಆಯಿ ಅಂಗಳದಾಗ ಅರಿವಿ ಒಣ ಹಾಕಾಕತ್ತಿದ್ರು. ಬಾಜು ಮನಿ ಶಾಂತವ್ವ ಕಟ್ಟಿ ಮ್ಯಾಲೆ ಕುಂತಾಕಿ ನನ್ನ ನೋಡಿ ಕೇಳಿದ್ಲು, "ಇವ್ರ ಏನು ಮೊಣಕಾಲಿನ ಡಾಕ್ಟರ್ರು?"

ಆಯಿ ಕಣ್ಣಿಲೆ ಸನ್ನಿ ಮಾಡಿದ್ರು. "ಹೌದ್ರಿ" ಅಂದೆ. ಶಾಂತವ್ವ ಎರಡೂ ಕಾಲು ನನ್ನ ಮುಂದ ಚಾಚಿದ್ಲು. ದೇವರಾಣಿ, ಹತ್ತು ನಿಮಿಷ ಅಕಿ ಮೊಣಕಾಲು ಒತ್ತಿ ನೋಡಿ, "ಎಣ್ಣಿ ಹಚ್ಚರಿ" ಅಂತ ಹೇಳಿ ಪಾರಾದೆ.

ಒಳಗ ಕುಂತು ಆಯಿಗೆ ಎಲ್ಲಾ ಹೇಳಿದೆ. ಬೈತಾರ ಅಂದುಕೊಂಡಿದ್ದೆ. ಆಯಿ ಹೊಟ್ಟಿ ಹಿಡಕೊಂಡು ನಕ್ಕರು.

"ಹುಚ್ಚಪ್ಯಾ, ಭಂಡಾರದ ಕಲಿ ತೊಳದ್ರ ಹೊಕ್ಕೈತೇನೋ? ನಿಮ್ಮವ್ವ ಏನ್ ಕಲಿಸ್ಯಾಳ ನಿನಗ? ಅಲ್ನೋಡು." ಅಂಗಳದ ಹಗ್ಗದ ಮ್ಯಾಲೆ ಒಂದು ಬಿಳಿ ಧೋತರ ಒಣಗ್ತಿತ್ತು. "ನಮ್ಮ ಮೈದುನಂದು. ಮೊನ್ನೆ ಅಟ್ಟೂ ಹಳದಿ ಆಗಿತ್ತು. ಸಬಕಾರ ಹಚ್ಚಿದೆ, ಕೆಂಪಗಾತು. ಬಿಸಲಿಗೆ ಹಾಕಿದೆ, ಹೋತು. ಅರಿಶಿಣಕ್ಕ ಬಿಸಲ ಮದ್ದು. ನಿಮ್ಮಲ್ಲಿ ಬಿಸಲು ಇಲ್ಲೇನು?"

ಬಿಸಲೇನ್ರಿ, ದಿನಾ ನನ್ನ ಕೈಲೆ ಹಚ್ಚೂ ಜೋರು ದೀಪ ಐತಿ! ಫೋಟೋನ ಕೆಟ್ಟಿತ್ತಂತ ಅಲ್ಲೇ ಕೆಲಸ ನಿಲ್ಲಿಸಿ, ಆ ದೀಪದ ತನಕ ನಾ ಹೋಗಿರಲೇ ಇಲ್ಲ. ಬಗಲಾಗ ಕೂಸು, ಊರಾಗ ಡಂಗುರ. ಅದೂ ನಾ ಡಂಗುರ ಹೊಡೀಲಿಕ್ಕೆ ಬೀಡಿತನ ಬಂದಿದ್ದೆ.

ಸೋಮವಾರ ಮೇಡಮ್ನೋರ ಮುಂದ ಡಬ್ಬಿ ಇಟ್ಟೆ. ಪೂರಾ ಕೇಳಿದ್ರು.

"ಎಷ್ಟು ದಿನಾ ಆತು?"

"ವಾರ ಆತ್ರಿ."

"ಚೆಲ್ಲಿದ್ದಕ್ಕ ಬೈಯಂಗಿಲ್ಲ. ವಾರ ಮುಚ್ಚಿಟ್ಟಿಯಲ್ಲ, ಅದಕ್ಕ ಬೈತೇನಿ" ಅಂದ್ರು, ಮತ್ತ ಬೈದ್ರು. ಚಹಾ ಆರಿ ಹೋಗೂತನಾ ಬೈದ್ರು. ಆಮ್ಯಾಲೆ ಎಲ್ಲಾ ವಹಿಯೊಳಗ ಬರಿಸಿ, "ಸೀದಾ ಅವರ ಗಾಜಿಗೆ ಕೈ ಹಚ್ಚಬ್ಯಾಡ. ಮೊದಲ ಬ್ಯಾರೆ ಒಂದು ಗಾಜು ತಗೊಂಡು ನಿನ್ನ ಭಂಡಾರ ಹಾಕು, ನೋಡೂಣು" ಅಂದ್ರು. ಲ್ಯಾಬಿನ್ಯಾಗ ಅಪ್ಪಣಿ ತಗೊಂಡು ಭಂಡಾರ ಹಾಕಿದಾವ ನಾ ಒಬ್ಬನ ಇರ್ಬೇಕು.

ಬ್ಯಾರೆ ಗಾಜಿನ ಮ್ಯಾಲೆ ಹಸರು ಹೋತು. ಆಮ್ಯಾಲೆ ಆಯಿ ಗಾಜು ದೀಪದ ಕೆಳಗ ಇಟ್ವಿ. ಬಾಜು ನಿಂತು ಮನಸ್ಸಿನ್ಯಾಗ ಏಳು ಕೋಟಿ ಅನ್ನಾಕತ್ತಿದ್ದೆ, ಮೇಡಮ್ನೋರು "ಜೋರ ಅನ್ನು, ನನಗೂ ಬೇಕಾಗೈತಿ" ಅಂದ್ರು. ಫೋಟೋ ತಗದ್ವಿ. ಬರೀ ಗಾಜು ಇದ್ದ ಜಾಗಾ ಕರ್ರಗ ಅಂದ್ರ ಕರ್ರಗ. ನನ್ನ ಹೆಬ್ಬಟ್ಟಿನ ಪಲ್ಟನ್ ಹೇಳದ ಕೇಳದ ಓಡಿ ಹೋಗಿತ್ತು. ಹೊಸದಾಗಿ ಬಣ್ಣ ಹಚ್ಚಿ ನೋಡಿದ್ರ ಈ ಸಲ ಹಸರು ಸಾವಿರ ಇರಲಿಲ್ಲ. ಆದ್ರ ಇದ್ದದ್ದಷ್ಟೂ ಖರೇ. ಗಡ್ಡಿ ಅಂಚಿಗೆ ಸಾಲು ಹಿಡದು ನಿಂತಿದ್ವು, ಕೆಲವು ಒಳಗ ನುಗ್ಗಿದ್ವು. ಮೇಡಮ್ನೋರು ಫೋಟೋನ ದೊಡ್ಡದು ಮಾಡಿ ಮೂಲಿ ಮೂಲಿ ನೋಡಿದ್ರು. ಆಮ್ಯಾಲೆ, "ನಮ್ಮಲ್ಲಿ ಇದುವರೆಗೂ ಬಂದಿದ್ರಾಗ ಇಷ್ಟು ಸ್ವಚ್ಛ ಫೋಟೋ ಇದ ಮೊದಲು" ಅಂದ್ರು. ನಮ್ಮ ಬೀಡಿ ಹೆಣ್ಮಗಳದ್ರಿ! ನಮ್ಮ ಬೆಳಗಾವಿ ಲ್ಯಾಬಿನ್ಯಾಗ ತಗದದ್ರಿ! ನನ್ನ ಎದಿ ಉಬ್ಬಿದ್ದಕ್ಕ ಅಂಗಿ ಗುಂಡಿ ತಡೀಲಿಲ್ಲ.

ಇದು ಪವಾಡ ಅಲ್ಲ, ಬೆಳಕಿಗೆ ಅರಿಶಿಣ ಹೋಗೂದು ಗುಣಧರ್ಮ ಅಂತ ಯಾರರೆ ಅಂದ್ರ ಹೂಂ ಅಂತೇನಿ. ಆದ್ರ ಆಯಿ ಬಾಯಿಲೆ ಬಿಸಲಿನ ಮಾತು ನನಗ ಹೇಳಿಸಿದಾವ ಯಾರು? ಖಾನಾಪುರದಾಗ ಇಳೀಬೇಕು ಅನ್ನಾವಗ ಕಿಡಕಿ ಸೀಟು ಕೊಟ್ಟಾವ ಯಾರು? ನಮ್ಮವ್ವ ಹೇಳೂದು ಇಷ್ಟ: "ಮೈಲಾರಲಿಂಗ ಅಂದ್ರ ಮಾರ್ತಂಡ, ಮಾರ್ತಂಡ ಅಂದ್ರ ಸೂರ್ಯ. ಐತವಾರ ಅವನ ವಾರ. ತನ್ನ ಭಂಡಾರ ತಾನ ತಗೊಂಡಾನ." ನಾ ಕೇಳಿದ್ದೂ ಅದನ್ನ ಅಲ್ರಿ? ಈಗ ಪ್ರತಿ ಐತವಾರ ಗುಡಿಗೆ ಹೊಕ್ಕೇನಿ, ಬರೂವಾಗ ಮೂರು ಸಲ ಕೈ ತೊಳಕೊಂತೇನಿ. ಲ್ಯಾಬಿನ ಬಾಗಿಲಿಗೆ "ಭಂಡಾರ, ವಿಭೂತಿ, ಕುಂಕುಮ ಹಚ್ಚಿದವರು ಕೈ ತೊಳೆದು ಒಳಗೆ ಬರಬೇಕು" ಅಂತ ಬೋರ್ಡ್ ಹಾಕ್ಯಾರ. ಹೆಸರು ಬರದಿಲ್ಲ, ಆದ್ರ ಅದು ನನ್ನ ಸ್ಮಾರಕ ಅಂತ ಎಲ್ಲಾರಿಗೂ ಗೊತ್ತೈತಿ.

ಮುಂದಿನ ತಪಾಸಣಿಗೆ ಆಯಿ ಬಂದಾಗ ಫೋಟೋ ತೋರಸಾಕ ಮೇಡಮ್ನೋರು ಒಪ್ಪಿದ್ರು. "ಇದು ರಿಪೋರ್ಟ್ ಅಲ್ಲ ಅಂತ ಹೇಳು. ಆರಾಮ ಅದಾರೋ ಇಲ್ಲೋ ಅಂತ ಅವರ ಡಾಕ್ಟರ್ ಹೇಳ್ತಾರ" ಅಂತ ತಾಕೀತು ಮಾಡಿದ್ರು. ಆ ಡಾಕ್ಟರ್ ಅವತ್ತು ಎಲ್ಲಾ ಚಲೋ ಐತಿ ಅಂದಿದ್ರು. ಆಯಿ ಜೋಡಿ ಈ ಸಲ ಶಾಂತವ್ವ ಬಂದಿದ್ಲು.

"ಬಾರಪಾ ಮೊಣಕಾಲಿನ ಡಾಕ್ಟರ!" ಅಂದ್ಲು.

"ನೀ ನಿಮ್ಮ ಮೇಡಮ್ಮಗ ಖರೇ ಹೇಳಿದ್ಯಲ್ಲ, ನಾನೂ ಇಕಿಗೆ ಖರೇ ಹೇಳಿದೆ" ಅಂದ್ರು ಆಯಿ.

ದೊಡ್ಡ ಪರದೆ ಮ್ಯಾಲೆ ಫೋಟೋ ಹಾಕಿದೆ. ಇದು ಗಡ್ಡಿ, ಈ ಹಸರು ನಿಮ್ಮ ಸಿಪಾಯಿಗಳು ಅಂತ ತೋರಿಸಿದೆ. ಆಯಿ ಬೆರಳ ಹಚ್ಚಿ ಎಣಿಸಾಕ ಸುರು ಮಾಡಿದ್ರು, ಇಪ್ಪತ್ತಕ್ಕೋ ಮೂವತ್ತಕ್ಕೋ ಬಿಟ್ರು. ಸೆರಗಿಲೆ ಕಣ್ಣೊರಿಸಿಕೊಂಡು ನನ್ನ ಕಡೆ ತಿರುಗಿ ಹೇಳಿದ್ರು:

"ನಾ ಒಬ್ಬಾಕಿನ ಬರ್ತೇನಿ ಅಂತ ತಿಳಕೊಂಡಿದ್ನೆಪಾ. ಇಷ್ಟು ಮಂದಿ ನನ್ನ ಜೋಡಿ ಇದ್ರಂತ ಗೊತ್ತಿದ್ದರ, ಖಾನಾಪುರದಾಗ ಇಡೀ ಬಸ್ಸಿಗೆ ಟಾವೆಲ್ ಒಗದು ಸೀಟು ಹಿಡೀತಿದ್ದೆ."