ಕಂಪನ ತಡವಾದ ಜಾಗ

ಸುತ್ತಿಗೆ ಏಟಿನ ಕಂಪನ ಬದುವಿನ ಹತ್ತಿರ ಮಾತ್ರ ಪ್ರತಿ ಸಲವೂ ನಮ್ಮ ಯಂತ್ರಕ್ಕೆ ತಡವಾಗಿ ಮುಟ್ಟುತ್ತಿತ್ತು. ಮೂಡಲಗಿ ಬಳಿ ಕಬ್ಬು ಕಡಿದ ಹೊಲದಲ್ಲಿ, ನೆಲದಡಿ ಬಂಡೆ ಎಷ್ಟು ಆಳದಲ್ಲಿದೆ ಎಂದು ನೆಲಕ್ಕೆ ಹೊಡೆದು ನೋಡುತ್ತಿದ್ದೆವು. ಹಿಂದೆ ಅಗೆದು ಮುಚ್ಚಿದ ಸಡಿಲ ಮಣ್ಣಿನಲ್ಲಿ ಕಂಪನ ನಿಧಾನವಾಗುತ್ತದೆ.

“ಇಲ್ಲಿ ಮೊದ್ಲ ಏನಿತ್ರಿ ಅಕ್ಕಾರ?” ಎಂದು ಹೊಲದೊಡತಿಯನ್ನು ಕೇಳಿದೆ.

ಆಕೆ ಗಡಿಬಿಡಿಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ದನಿ ತಗ್ಗಿಸಿದರು. “ಇತ್ತು ಅನ್ನಬ್ಯಾಡ್ರಿ. ನಮ್ಮ ಅತ್ತಿಯವ್ರು ಅದಾರ ಅಲ್ಲಿ. ಮಣ್ಣು ಕೊಟ್ಟ ಜಾಗಾ ಅದು. ಸಾವಕಾಶ ಹೊಡೀರಿ.”

ಅಲ್ಲಿ ಗುರುತಿಗೊಂದು ಕಲ್ಲೂ ಇರಲಿಲ್ಲ. ನಾನು ಸುತ್ತಿಗೆ ಕೆಳಗಿಟ್ಟೆ.

ವರದಿಯಲ್ಲಿ ‘ಸಡಿಲ ಮಣ್ಣು’ ಎಂದೇ ಬರೆದೆ, ಬೇರೆ ಏನು ಬರೆಯಲಿ? ಆದರೆ ಈಗ ಯಾವ ಹೊಲದಲ್ಲಿ ಕಂಪನ ತಡವಾದರೂ ನಾನು ಕೇಳುವ ಪ್ರಶ್ನೆಯೇ ಬೇರೆ: “ಇಲ್ಲಿ ಯಾರು ಅದಾರ್ರಿ?”