ಮುದ್ದೆ ಉಣ್ಣೋ ಮನೆಗೆ ಬ್ರೆಡ್ಡು ಬಂದದ್ದು

ಮಳವಳ್ಳಿಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡ್ಕೊಂಡು ಬೇಕರಿಯಿಂದ ಹೊರಗೆ ಬಂದವನನ್ನ ಯಾರೂ ‘ತಿಂಡಿ ಆಯ್ತಾ’ ಅಂತ ಕೇಳಲ್ಲ. ‘ಯಾರ್ಗೆ ಉಸಾರಿಲ್ಲ?’ ಅಂತಾರೆ. ‘ಯಾವ ಆಸ್ಪತ್ರೇಲಿ ಮಡ್ಗವ್ರೆ?’ ಅನ್ನೋದು ಎರಡನೇ ಪ್ರಶ್ನೆ. ನಮ್ಮ ಕಡೆ ಬ್ರೆಡ್ಡು ಅಂದ್ರೆ ಜ್ವರದವರು ಹಾಲಿಗೆ ಅದ್ಕೊಂಡು ತಿನ್ನೋದು, ಆಸ್ಪತ್ರೆಗೆ ನೋಡೋಕೆ ಹೋಗೋರು ಮೋಸಂಬಿ ಜೊತೆ ಒಯ್ಯೋದು. ಗಟ್ಟಿಮುಟ್ಟಾಗಿರೋನು ಮುದ್ದೆ ಉಣ್ತಾನೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ವರ್ಷ ಆ ಬೀದಿಯಲ್ಲಿ ಬ್ರೆಡ್ಡು ಹೊತ್ತೆ. ಕೇಳಿದವರಿಗೆಲ್ಲ ಉತ್ತರ ಹೇಳಿ ಹೇಳಿ ನಾಲಿಗೆ ಒಣಗೋಯ್ತು.

ನಮ್ಮ ಮನೆಯಲ್ಲಂತೂ ಬ್ರೆಡ್ಡು ಹೊಸಿಲು ದಾಟಬಾರ್ದು ಅನ್ನೋದು ಅವ್ವನ ಕಾನೂನು. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಕಬ್ಬಿನ ಗಾಡಿ ಮೇಲಿಂದ ಬಿದ್ದು ಎದೆಗೆ ಪೆಟ್ಟು ಮಾಡ್ಕೊಂಡ. ಆಸ್ಪತ್ರೆಗೆ ಸೇರಿಸಿದ್ವಿ. ನೋಡೋಕೆ ಬಂದ ನೆಂಟರೆಲ್ಲ ಬ್ರೆಡ್ಡು ತಂದು ದಿಂಬಿನ ಪಕ್ಕ ಇಟ್ರು. ಅಪ್ಪ ಒಂದು ತುಂಡೂ ಮುಟ್ಟಲಿಲ್ಲ. ಮಾರನೇ ದಿನ ಅಪ್ಪನ ಹೆಣದ ಜೊತೆ ಆ ಪೊಟ್ಟಣಗಳೂ ಮನೆಗೆ ಬಂದ್ವು. ಅವ್ವ ಅಷ್ಟನ್ನೂ ಬಿಚ್ಚಿ ಹಸುವಿನ ಮುಂದೆ ಸುರಿದ್ಳು. ಅಲ್ಲಿಂದಾಚೆಗೆ ಮನೆಯಲ್ಲಿ ಯಾರು ಮಲಗಿದ್ರೂ ಗಂಜಿನೇ.

ಇಂಥಾ ಮನೆಗೆ ಬ್ರೆಡ್ಡು ಬಂದಿದ್ದು ನನ್ನ ಹೆಂಡ್ತಿ ಓದೋಕೆ ಹೊರಟಿದ್ದರಿಂದ. ಅವಳು ಮದ್ದೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ ಬರೀತಿದ್ಳು. ಪಿಯುಸಿಯಲ್ಲಿ ಸೈನ್ಸು ಓದಿದ್ದವಳು, ಮುಂದಕ್ಕೆ ಓದಿಸೋರಿಲ್ಲದೆ ನಿಂತಿದ್ದವಳು. ಎಕ್ಸ್‌ರೇ ತೆಗೆಯೋದನ್ನ ಕಲಿಸೋ ಒಂದು ವರ್ಷದ ಕೋರ್ಸಿಗೆ ಹುಬ್ಬಳ್ಳಿಯಲ್ಲಿ ಸೀಟು ಸಿಕ್ತು. ಹಾಸ್ಟೆಲ್ಲಲ್ಲೇ ಇರಬೇಕು, ಹಾಜರಾತಿ ಕಮ್ಮಿ ಆದ್ರೆ ಪರೀಕ್ಷೆಗೆ ಕೂರಿಸಲ್ಲ. ಮಗಳು ಮಂಡ್ಯದ ಹಾಸ್ಟೆಲ್ಲಲ್ಲಿದ್ಳು. ಮನೆಯಲ್ಲಿ ಉಳಿಯೋದು ನಾನು ಮತ್ತೆ ಅವ್ವ.

ಅವ್ವ ಗಲಾಟೆ ಮಾಡ್ತಾಳೆ ಅಂದ್ಕೊಂಡಿದ್ದೆ. ಅವಳು ಎಲೆ ಅಡಿಕೆ ಅಗೀತಾ ಒಂದೇ ಮಾತು ಕೇಳಿದ್ಳು.

‘ಅಲ್ಲಿ ಎದೆ ಪೋಟೋ ತೆಗ್ಯೋದೂವೆ ಕಲಿಸ್ತಾರಾ?’

‘ಎಲ್ಲಾ ಕಲಿಸ್ತಾರೆ ಅತ್ತೆ’ ಅಂದ್ಳು ಇವಳು.

‘ಅಂಗಾರೆ ಓಗು. ನಾನೇನು ತೊಟ್ಟಿಲ ಮಗಾನಾ?’

ಇವಳು ಬಸ್ಸು ಹತ್ತೋ ಮೊದಲು ನನ್ನನ್ನ ಪಕ್ಕಕ್ಕೆ ಕರೆದು, ‘ಅತ್ತೆ ಊಟ ಬಿಟ್ಟವ್ರೆ ಅಂತ ಯಾರ ಬಾಯಿಂದಾದ್ರೂ ಕೇಳಿದ್ರೆ ಮಾರನೇ ದಿನ ಮನೇಲಿರ್ತೀನಿ’ ಅಂದ್ಳು. ಅವಳ ಜಾತಕ ನನಗೆ ಗೊತ್ತಿಲ್ವಾ? ಬಂದ್ರೆ ಬಂದ್ಳು. ಮತ್ತೆ ಹೋಗೋ ಪೈಕಿ ಅಲ್ಲ.

ಕಷ್ಟ ಏನಂದ್ರೆ, ಅವ್ವನಿಗೆ ಮುದ್ದೆ ಬಿಟ್ರೆ ಊಟ ಇಲ್ಲ. ಅನ್ನ ಉಂಡ್ರೆ ಉಂಡಂಗೇ ಆಗಲ್ಲ ಅಂತಾಳೆ. ಆದ್ರೆ ಅವಳ ಬಲಗಡೆ ಭುಜ ಹಿಡ್ಕೊಂಡು ಕೈ ಮೇಲಕ್ಕೇ ಏಳ್ತಿರಲಿಲ್ಲ. ಎಸರಿಗೆ ರಾಗಿಹಿಟ್ಟು ಹಾಕಿ ಕೋಲಲ್ಲಿ ತಿರುವೋದು ಅಂದ್ರೆ ತೋಳಿನ ಕೆಲಸ. ಆ ಕೋಲು ನನ್ನ ಕೈಗೆ ಬಂತು. ನಾನು ಹತ್ತಿರದ ಬ್ಲಫ್ ಅನ್ನೋ ಊರಿನ ಪವರ್‌ಹೌಸಿನಲ್ಲಿ ಪಾಳಿ ಮೇಲೆ ದುಡಿಯೋನು, ಅಷ್ಟು ದೊಡ್ಡ ಮಿಷನ್ನು ನೋಡ್ಕೊಳ್ತೀನಿ, ಒಂದು ಪಾತ್ರೆ ಹಿಟ್ಟು ನನ್ನ ಮಾತು ಕೇಳಲಿಲ್ಲ. ತಳ ಸೀದೋಗೋದು, ಮಧ್ಯ ಗಂಟು, ಮೇಲೆ ಹಸಿ ಹಿಟ್ಟು. ಅವ್ವ ಬಾಗಿಲಿಗೆ ಒರಗಿ ನಿಂತು, ‘ತಿರುವ್ಲಾ, ಇನ್ನೂ ತಿರುವು. ಮಾತು ಮಾತ್ರ ಊರಗಲ, ಇಟ್ಟು ತಿರುವಾಕೆ ತ್ರಾಣ ಇಲ್ಲ’ ಅಂತ ಬೈಯೋಳು. ಬೈದು ಮುಗಿಸಿ, ತಟ್ಟೆ ಮುಂದೆ ಕೂತು, ಎರಡು ತುತ್ತು ನುಂಗಿ ಕೈ ತೊಳೆಯೋಳು.

ಎದುರುಮನೆಯವರು ಒಂದು ದಿನ ಬಿಸಿಮುದ್ದೆ ಕಳಿಸಿದ್ರು. ‘ಕಂಡೋರ ಮನೆ ಇಟ್ಟು ಉಣ್ಣಾಕೆ ನಾನೇನು ಗತಿಗೆಟ್ಟೋಳಾ?’ ಅಂತ ವಾಪಸ್ ಕಳಿಸಿದ್ಳು. ಅವಳ ರವಿಕೆ ತೋಳು ಸಡಿಲ ಆಗ್ತಾ ಬಂತು. ಹುಬ್ಬಳ್ಳಿಯಿಂದ ದಿನಾ ಸಂಜೆ ಫೋನು, ‘ಅತ್ತೆ ಉಂಡ್ರಾ?’ ನಾನು ‘ಹ್ಞೂಂ’ ಅನ್ನೋದು. ಇವತ್ತಲ್ಲ ನಾಳೆ ಅವಳಿಗೆ ಗೊತ್ತಾಗುತ್ತೆ, ಗಂಟುಮೂಟೆ ಕಟ್ಕೊಂಡು ಬಂದೇ ಬಿಡ್ತಾಳೆ.

ಬ್ರೆಡ್ಡು ತಂದಿದ್ದು ಅವ್ವನಿಗಲ್ಲ, ನನ್ನ ಹೊಟ್ಟೆಗೆ. ಮೊದಲನೇ ಪಾಳಿ ಇದ್ದ ದಿನ ಬೆಳಕು ಹರಿಯೋ ಹೊತ್ತಿಗೆ ಬೈಕು ಹತ್ತಬೇಕು, ಬುತ್ತಿ ಕಟ್ಟೋರಿಲ್ಲ. ಹೊಸಿಲು ದಾಟಂಗಿಲ್ಲವಲ್ಲ, ಅದಕ್ಕೆ ಅಟ್ಟದ ಮೇಲಿದ್ದ ಹಳೇ ಸೀಮೆಎಣ್ಣೆ ಸ್ಟೌವನ್ನ ಜಗುಲಿ ಮೇಲಿಟ್ಟೆ. ಕಾವಲಿಗೆ ಬೆಣ್ಣೆ ಸವರಿ, ಎರಡು ಬ್ರೆಡ್ಡಿನ ನಡುವೆ ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿ, ಈರುಳ್ಳಿ ಇಟ್ಟು, ಲೋಟದ ತಳದಲ್ಲಿ ಒತ್ತಿ ಸುಟ್ಟೆ. ಅದೇ ನಾನು ಮಾಡಿದ ಮೊದಲನೇ ಸ್ಯಾಂಡ್‌ವಿಚ್ಚು. ನಾನೇ ಮಾಡಿದ್ದು ಅಂತ ಹೇಳ್ತಿಲ್ಲ, ಚೆನ್ನಾಗಿತ್ತು ಬುಡಿ.

ಆಮೇಲೆ ಧೈರ್ಯ ಬಂತು. ಅವ್ವ ಬಾಯಲ್ಲಿ ಹೇಳ್ತಾ ಉಪ್ಸಾರು ಮಾಡಿಸೋಳು. ಸೊಪ್ಪು, ಕಾಳು ಬೇಯಿಸಿ ಬಸಿಯೋದು, ಮೆಣಸಿನಕಾಯಿ ಬೆಳ್ಳುಳ್ಳಿ ಮೆಣಸು ಹುಣಸೆ ರುಬ್ಬಿ ಖಾರ ಮಾಡೋದು. ಅಷ್ಟು ನನ್ನ ಕೈಗೆ ಹತ್ತಿತು. ಆ ಖಾರವನ್ನ ಬ್ರೆಡ್ಡಿಗೆ ಸವರಿ, ಬೆಂದ ಸೊಪ್ಪು ಕಾಳನ್ನ ಹಿಸುಕಿ ಒಳಗಿಟ್ಟು, ತುಪ್ಪದಲ್ಲಿ ಸುಡೋಕೆ ಶುರು ಮಾಡಿದೆ. ವಾಸನೆ ಬೀದಿ ತುದಿಗೆ ಹೋಗ್ತಿತ್ತು. ಅವ್ವ ಹೊಸಿಲ ಆ ಕಡೆ ಕೂತು ಮೂಗು ಅರಳಿಸೋಳು.

‘ಉಪ್ಸಾರಿನ ಕಾರನ ಆ ದರಿದ್ರದ ಬ್ರೆಡ್ಡಿಗೆ ಬಳೀತೀಯಲ್ಲ, ನಿಂಗೆ ಬುದ್ಧಿ ಅದಾ?’

‘ಒಂದು ತುಂಡು ತಿಂದು ನೋಡವ್ವ.’

‘ಸಾಯೋ ಗಂಟ ಮುಟ್ಟಕ್ಕಿಲ್ಲ.’

ನಾನು ಜಗುಲಿ ಮೇಲೆ ಬ್ರೆಡ್ಡು ಸುಡೋದನ್ನ ಇಡೀ ಬೀದಿ ನೋಡಿತ್ತು. ಒಳಗೆ ಮುದುಕಿ ಸೊರಗ್ತಿರೋದನ್ನೂ ನೋಡಿತ್ತು. ಎರಡೂ ಸೇರಿಸಿ ಒಂದು ಸುದ್ದಿ ಮಾಡಿದ್ರು. ಆ ಸುದ್ದಿ ಬಸ್ಸು ಹತ್ತಿ, ಮಂಡ್ಯ ದಾಟಿ, ದುದ್ದದಲ್ಲಿರೋ ನಮ್ಮಕ್ಕನ ಮನೆ ತಲುಪಿತು.

ಅಕ್ಕ ಬಂದಿದ್ದು ಒಂದು ಮಧ್ಯಾಹ್ನ. ಬೀದಿ ತಿರುವಿನಲ್ಲೇ ಅಳೋಕೆ ಶುರು. ಒಂದು ಕೈಯಲ್ಲಿ ಮೋಸಂಬಿ ಚೀಲ, ಇನ್ನೊಂದು ಕೈಯಲ್ಲಿ, ಇನ್ನೇನಿರುತ್ತೆ, ಬ್ರೆಡ್ಡು. ನಾನು ಸ್ಟೌ ಮುಂದೆ ಕೂತು ಉಪ್ಸಾರು ಖಾರದ ಸ್ಯಾಂಡ್‌ವಿಚ್ಚು ತಿರುಗಿಸ್ತಿದ್ದೆ. ಅವ್ವ ಜಗುಲಿ ಕಂಬಕ್ಕೆ ಒರಗಿ ಅವರೆಕಾಯಿ ಬಿಡಿಸ್ತಿದ್ಳು.

‘ಯಾರೇ ಸತ್ತೋರು?’ ಅಂದ್ಳು ಅವ್ವ.

‘ನೀನು ಬರೀ ಬ್ರೆಡ್ಡಿನ ಮ್ಯಾಗೆ ಜೀವ ಹಿಡ್ಕಂಡಿದ್ದೀಯ ಅಂತ ಸಂತೇಲಿ ಯೋಳುದ್ರು ಕಣವ್ವ’ ಅಂತ ಅಕ್ಕ ಮೂಗು ಒರೆಸ್ಕೊಂಡ್ಳು. ಅವ್ವನ ತೋಳು ಹಿಡಿದು ನೋಡಿದ್ಳು. ಅಳು ನಿಂತು ಸಿಟ್ಟು ಬಂತು. ನನ್ನ ಕಡೆ ತಿರುಗಿದ್ಳು.

‘ಏನ್ಲಾ ಇದು, ಕಡ್ಡಿ ಆಗವ್ಳೆ? ಅತ್ತೆನ ಇಂಗೆ ಬುಟ್ಟು ವರ್ಸಗಟ್ಲೆ ಓದೋದು ಯಾವ ಸೀಮೆ ಓದು? ಅವಳ್ನ ಕರ್ಸು. ನೀನ್ ಮಾಡ್ತೀಯೋ, ನಾನೇ ಪೋನ್ ಮಾಡ್ಲೋ?’

ನಾನು ಬಾಯಿ ತೆಗೆಯೋಕೂ ಬಿಡದೆ ಜಗುಲಿ ಮೇಲಿದ್ದ ನನ್ನ ಫೋನು ಎತ್ಕೊಂಡ್ಳು. ಆ ಕಡೆ ರಿಂಗಾಗೋದು ನನಗೇ ಕೇಳಿಸ್ತಿತ್ತು. ಮುಗೀತು ಅಂದ್ಕೊಂಡೆ. ಸೀಟು ಹೋಯ್ತು, ಪರೀಕ್ಷೆ ಹೋಯ್ತು, ಇನ್ನು ಅವಳು ಜೀವನ ಪೂರ್ತಿ ಚೀಟಿ ಬರ್ಕೊಂಡು ಕೂರ್ತಾಳೆ.

ಅವ್ವ ಅವರೆಕಾಯಿ ಮೊರ ಪಕ್ಕಕ್ಕೆ ತಳ್ಳಿದ್ಳು. ಕಾವಲಿಗೆ ಕೈ ಹಾಕಿ, ಬಿಸಿ ಸ್ಯಾಂಡ್‌ವಿಚ್ಚು ಎತ್ತಿ, ಊದಲೂ ಇಲ್ಲ, ಕಚ್ಚಿದ್ಳು. ಇರೋ ನಾಲ್ಕು ಹಲ್ಲಲ್ಲಿ ಅಗಿದ್ಳು. ಅಕ್ಕ ಬಾಯಿ ಬಿಟ್ಕೊಂಡು ನೋಡ್ತಾ ನಿಂತ್ಳು. ಅವಳ ಕೈಯಿಂದ ಅವ್ವ ಫೋನು ಕಿತ್ಕೊಂಡ್ಳು.

‘ಊಂ, ನಾನು ಕಣಮ್ಮಿ. ಏನೂ ಇಲ್ಲ, ನಿನ್ ನಾದ್ನಿ ಬಂದವ್ಳೆ, ಮಾತಾಡವಾ ಅಂದ್ಲು. ಉಂಡೆ, ಉಣ್ಣಕ್ಕಿಲ್ವಾ? ಎರಡು ಮುದ್ದೆ ಇಳಿಸ್ದೆ. ಬಾಯಾಗೆ ಎಲೆ ಅಡಿಕೆ ಅದೆ, ಅದ್ಕೇ ಅಂಗೆ ಕೇಳ್ತದೆ. ನೀನು ಓದ್ಕೋ, ಮಡುಗ್ತೀನಿ.’

ಫೋನು ನನ್ನ ಮಡಿಲಿಗೆ ಹಾಕಿ, ಉಳಿದ ಅರ್ಧವನ್ನೂ ತಿಂದ್ಳು. ಕಣ್ಣಲ್ಲಿ ನೀರಿತ್ತು. ಖಾರ ಜಾಸ್ತಿ ಆಗಿತ್ತು ಅಂತ ನಾನು ಅಂದ್ಕೊಂಡೆ. ಅಕ್ಕನನ್ನ ನೋಡಿ, ‘ನೀನು ತಂದಿರೋ ಬ್ರೆಡ್ಡನೂ ಕೊಡು ಇತ್ಲಾಗೆ, ನಾಳೀಕಾಯ್ತದೆ’ ಅಂದ್ಳು.

ಮಾರನೇ ದಿನ ಸ್ಟೌ ಅಟ್ಟಕ್ಕೆ ಹೋಯ್ತು, ಕಾವಲಿ ಒಳಗೆ ಬಂತು. ಅವ್ವ ಸ್ಯಾಂಡ್‌ವಿಚ್ಚಿಗೆ ‘ಜೋಡಿ’ ಅಂತ ಹೆಸರಿಟ್ಳು. ‘ಇವತ್ತೇನ್ಲಾ ಜೋಡಿ?’ ಅಂತ ಕೇಳ್ಕೊಂಡೇ ಏಳೋಳು. ಕೇಳೋದಷ್ಟೇ ಅಲ್ಲ, ಮೇಸ್ತ್ರಿ ಥರ ಪಕ್ಕದಲ್ಲಿ ಕೂತು ಅಪ್ಪಣೆ ಮಾಡೋಳು. ಬೆಳಿಗ್ಗೆ ತೆಂಗಿನಕಾಯಿ ತುರಿಗೆ ಬೆಲ್ಲ ಪುಡಿ ಮಾಡಿ ಬೆರೆಸಿ, ಏಲಕ್ಕಿ ಕುಟ್ಟಿ ಹಾಕಿ, ತುಪ್ಪದಲ್ಲಿ ಸುಟ್ಟಿದ್ದು. ಬೆಲ್ಲ ಕರಗಿ ಬ್ರೆಡ್ಡಿನ ಅಂಚಿಗೆ ಬಂದಾಗ ಇಳಿಸಿಬಿಡಬೇಕು, ತಡ ಮಾಡಿದ್ರೆ ಕಾವಲಿ ಉಜ್ಜೋನು ನಾನೇ. ಮಧ್ಯಾಹ್ನಕ್ಕೆ ಹಿತಕಿದ ಅವರೆಬೇಳೆಯ ಗಟ್ಟಿ ಪಲ್ಯ, ಮೇಲೆ ಸ್ವಲ್ಪ ನಿಂಬೆಹುಳಿ. ಸಾಯಂಕಾಲ ಮದ್ದೂರಿನ ಕಡೆ ಹೋಗಿದ್ರೆ ವಡೆ ತರೋದು. ಎರಡು ಬ್ರೆಡ್ಡಿನ ನಡುವೆ ಕಾಯಿಚಟ್ನಿ ಬಳಿದು, ವಡೆಯನ್ನ ಕೈಯಲ್ಲೇ ಪುಡಿ ಮಾಡಿ ಹಾಕಿದ್ರೆ ಹಲ್ಲಿಲ್ಲದವರೂ ತಿನ್ನಬಹುದು. ಸುಡೋದೂ ಬೇಕಿಲ್ಲ. ರಾತ್ರಿಗೆ ಉಪ್ಸಾರು ಖಾರದ್ದೇ, ಅದರ ಮುಂದೆ ಬೇರೆ ಯಾವುದೂ ನಿಲ್ಲಲ್ಲ. ಮೊಟ್ಟೆ ಬೇಯಿಸಿ ಮೆಣಸುಪುಡಿ ಹಾಕಿ ಹಿಸುಕಿದ್ದು ನನಗೆ, ಅವ್ವ ಶನಿವಾರ ಸೋಮವಾರ ಮುಟ್ಟಲ್ಲ. ಒಂದು ಸಲ ಬಾಳೆಹಣ್ಣು ಇಟ್ಟು ಸುಟ್ಟೆ. ‘ಇದೇನ್ಲಾ, ಪ್ರಸಾದ ಕಲಸ್ದಂಗದೆ’ ಅಂದ್ಳು. ಅದನ್ನ ಬಿಟ್ಬಿಟ್ವಿ.

ರವಿಕೆ ತೋಳು ಮತ್ತೆ ಬಿಗಿ ಆಯ್ತು. ನನ್ನ ಹೆಂಡ್ತಿ ವರ್ಷ ಮುಗಿಸಿ, ಪರೀಕ್ಷೆ ಪಾಸು ಮಾಡಿ ಬಂದ್ಳು. ಬಂದವಳೇ ಕೈಕಾಲು ತೊಳೆದು ಮುದ್ದೆ ತಿರುವಿದ್ಳು. ಗಂಟಿಲ್ಲದ ಬಿಸಿಮುದ್ದೆ ತಟ್ಟೆಗೆ ಬಿದ್ದಾಗ ಅವ್ವ, ‘ವರ್ಸ ಆಗಿತ್ತು ಕಣಮ್ಮಿ ಇದನ್ನ ಕಂಡು’ ಅಂದ್ಬಿಟ್ಳು. ಇವಳು ನನ್ನ ಮುಖ ನೋಡಿದ್ಳು. ಎಲ್ಲಾ ಹೇಳಿದೆ. ಇವಳು ಅವ್ವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದ್ಳು.

ಈಗ ಅದೇ ಮದ್ದೂರಿನ ಆಸ್ಪತ್ರೆಯಲ್ಲಿ ಅವಳೇ ಎಕ್ಸ್‌ರೇ ತೆಗೀತಾಳೆ. ಅವ್ವನ ಭುಜದ್ದನ್ನೂ ತೆಗೆದ್ಳು. ಅವ್ವ ಆ ಫಿಲ್ಮನ್ನ ಬಿಸಿಲಿಗೆ ಹಿಡಿದು ಬೀದಿಯವರಿಗೆಲ್ಲ ತೋರಿಸಿದ್ಳು. ‘ನಮ್ ಸೊಸೆ ತೆಗ್ದಿರೋದು, ಮೂಳೆ ಎಂಗೆ ಬಂದದೆ ನೋಡಿ’ ಅಂತ.

ಸಾಯಂಕಾಲ ಇವಳು ಬಸ್ಸಿಳಿದು ಬಂದ ತಕ್ಷಣ ಅವ್ವ ಒಂದೇ ಪ್ರಶ್ನೆ ಕೇಳೋಳು.

‘ಎಲ್ಲಾರ್ದೂ ತೆಗ್ದು ಬಂದ್ಯಾ? ನಾಳೆ ಬನ್ನಿ ಅಂತ ಯಾರ್ನೂ ಕಳಿಸಿಲ್ಲ ತಾನೆ?’

ವಯಸ್ಸಾದವರ ಮಾತು ಅಂತ ನಾವು ನಗ್ತಿದ್ವಿ. ಒಂದು ದಿನ ಇವಳು, ‘ಅದ್ಯಾಕತ್ತೆ ದಿನಾ ಅದನ್ನೇ ಕೇಳ್ತೀರ?’ ಅಂದ್ಳು.

ಅವ್ವ ಎಲೆಗೆ ಸುಣ್ಣ ಹಚ್ತಿದ್ಳು. ತಲೆ ಎತ್ತಲಿಲ್ಲ.

‘ನಿಮ್ ಮಾವಂಗೆ ಎದೆ ಪೋಟೋ ತೆಗೀಬೇಕು ಅಂದ್ರು. ತೆಗ್ಯೋರು ಮನೆಗೋಗವ್ರೆ, ನಾಳೆ ತೆಗ್ಯವಾ ಅಂದ್ರು. ನಾಳೀಕೆ ನಿಮ್ ಮಾವ್ನೇ ಇರ್ನಿಲ್ಲ.’ ಎಲೆ ಮಡಚಿ ಬಾಯಿಗಿಟ್ಕೊಂಡ್ಳು. ‘ಅದ್ಕೇ ನೀನು ಓದಾಕೋಯ್ತೀನಿ ಅಂದಾಗ ಓಗು ಅಂದೆ. ಆ ಬ್ರೆಡ್ಡು ಗಂಟ್ಲಲ್ಲಿ ಇಳೀತಿರ್ನಿಲ್ಲ ಮೊದ್ಲು ಮೊದ್ಲು. ಇಳಿಸ್ದೆ.’

ಅಪ್ಪ ಹೋಗಿ ಇಷ್ಟು ವರ್ಷ ಆದ್ರೂ ಆ ಮಾತು ಅವಳು ನನಗೆ ಹೇಳಿರಲಿಲ್ಲ. ಜಗುಲಿ ಮೇಲೆ ಅವತ್ತು ಅವಳ ಕಣ್ಣಲ್ಲಿದ್ದ ನೀರು ನನಗೆ ನೆನಪಾಯ್ತು. ಆ ಒಂದು ತುತ್ತಿನ ಋಣ ನಾನು ಈ ಜನ್ಮದಲ್ಲಿ ತೀರಿಸೋಕಾಗಲ್ಲ.

ಈಗ ಹೆಂಡ್ತಿ ಬುತ್ತಿ ನಾನೇ ಕಟ್ಟೋದು. ಮರುದಿನ ಬೆಳಿಗ್ಗೆ ಉಪ್ಸಾರು ಖಾರದ ಜೋಡಿ ಸುಡ್ತಿದ್ದಾಗ ಅವ್ವ ಪಕ್ಕದಲ್ಲಿ ಬಂದು ಕೂತು, ಡಬ್ಬಿಯೊಳಗೆ ಇಣುಕಿ, ‘ಇನ್ನೊಂದು ಮಾಡಾಕ್ಲಾ. ಒತ್ತಾದ್ರೆ ಅಲ್ಲೇ ತಿಂದ್ಕಂಡು, ಕೊನೇವ್ರದ್ದೂ ತೆಗ್ದೇ ಬರ್ಲಿ’ ಅಂದ್ಳು. ಆವತ್ತಿಂದ ದಿನಾ ಡಬ್ಬಿಗೆ ಒಂದು ಜೋಡಿ ಜಾಸ್ತಿ ಹಾಕ್ತೀನಿ.