ಡೈರಿಯ ಹಳೇ ಕಂಪ್ಯೂಟರ್, ರಾಗಿ ಮಿಷನ್ನಿನ ಸರದಿ

ಕಡೂರಿನ ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹೊಸದು, ಗೋಡೆಯ ಪ್ಲಗ್ಗು ಮಾವನವರ ಕಾಲದ್ದು. ಮೂರು ಕಡ್ಡಿಯ ಪಿನ್ನು ಎರಡು ತೂತಿಗೆ ಹೋಗದ ಕಾರಣ ನಡುವೆ ಒಂದು ಕನ್ವರ್ಟರ್ ಕೂತು ಇಬ್ಬರನ್ನೂ ಒಪ್ಪಿಸುತ್ತದೆ. ಹೊಸದನ್ನು ಮಾಡುವವರು ಹಳೆಯ ಗೋಡೆಗಳನ್ನು ಎಷ್ಟು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು ಎಂದು ಬಟ್ಟೆ ಉಜ್ಜುವಾಗ ನಾನೆಂದೂ ಯೋಚಿಸಿದವಳಲ್ಲ. ಹೊಟ್ಟೆಪಾಡಿನ ಕೆಲಸದಲ್ಲೇ ಅದು ಎದುರಾದಾಗ, ಗೆಳೆಯರೇ, ಯೋಚಿಸದೆ ವಿಧಿಯಿರಲಿಲ್ಲ.

ನಾನೂ ನಂದೀಶನೂ ಸೇರಿ ಇಲ್ಲೇ ಊರಲ್ಲಿ ವೆಬ್‌ಸೈಟ್ ಮಾಡಿಕೊಡುತ್ತೇವೆ. ರಾಗಿ ಕಟಾವು ಮಿಷನ್ ಬಾಡಿಗೆಗೆ ಬಿಡುವ ಅಜ್ಜಂಪುರದ ಯಜಮಾನರೊಬ್ಬರು, ಮಿಷನ್ ಯಾವ ದಿನ ಯಾವ ಊರಿನಲ್ಲಿ, ಯಾರ ಹೊಲದಲ್ಲಿರುತ್ತದೆಂದು ತೋರಿಸುತ್ತಿದ್ದ ತಮ್ಮ ಹಳೆಯ ಪುಟವನ್ನು ಸುಗ್ಗಿಗೆ ಮೊದಲು ಹೊಸದು ಮಾಡಿಕೊಡಿ ಎಂದರು. ನಂದೀಶ ಹಗಲಿರುಳು ಕೂತು ಒಂದು ನಕ್ಷೆ ಮಾಡಿದ. ಅದರ ಮೇಲೆ ಪುಟಾಣಿ ಮಿಷನ್ನೊಂದು ಊರಿಂದೂರಿಗೆ ತೆವಳುವುದನ್ನು ನೋಡುವುದೇ ಒಂದು ಸೊಗಸು. ಆದರೆ ಹಳೆಯ ಬ್ರೌಸರ್‌ಗಳಲ್ಲಿ ಆ ನಕ್ಷೆಯಿರಲಿ, ಪುಟವೇ ತೆರೆಯದೆ ಪರದೆ ಬೆಳ್ಳಗೆ ಉಳಿಯುತ್ತಿತ್ತು.

“ಹಳೇ ಬ್ರೌಸರ್‌ನಿಂದ ಬರೋದು ಚೌಳಹಿರಿಯೂರಿನ ಒಂದೇ ಒಂದು ಕಂಪ್ಯೂಟರ್ ಕಣಕ್ಕ. ಒಬ್ರಿಗೋಸ್ಕರ ಎಲ್ಲ ಬಿಚ್ಚಾಕೋದಾ?” ಎಂದ ನಂದೀಶ, ಹಳೆಯ ಪುಟಕ್ಕೆ ಬಂದವರ ಲೆಕ್ಕವನ್ನು ಪರದೆಯ ಮೇಲೆ ತೋರಿಸಿ. ಅವನ ಮಾತು ಸುಳ್ಳಲ್ಲ. ಹಳೆಯದಕ್ಕೂ ಒಗ್ಗಬೇಕೆಂದರೆ ಪ್ರತಿಯೊಂದನ್ನೂ ಎರಡೆರಡು ಬಾರಿ ಪರೀಕ್ಷಿಸಬೇಕು, ಒಂದನ್ನು ಸರಿಪಡಿಸಿದರೆ ಇನ್ನೊಂದು ಮುರಿಯುತ್ತದೆ. ಸುಗ್ಗಿಯೋ ಬಾಗಿಲಿಗೆ ಬಂದು ನಿಂತಿದೆ. ಆದರೂ ಆ ಒಬ್ಬರು ಯಾರೆಂದು ನೋಡಿಬರೋಣವೆಂದು ನಾನು ಬೆಳಗಿನ ಬಸ್ಸು ಹತ್ತಿದೆ.

ಅದು ಹಾಲಿನ ಡೈರಿಯ ಕಂಪ್ಯೂಟರ್. ಕಾರ್ಯದರ್ಶಿ ನಾಗರತ್ನಮ್ಮ ಅದರ ತಲೆ ಸವರಿ, “ಇದನ್ನ ಬದಲಾಯ್ಸಂಗಿಲ್ಲ ಕಣವ್ವ. ಹಾಲಿನ್ ಫ್ಯಾಟ್ ನೋಡೋ ಮಿಷನ್ ಇದ್ರ ಮಾತ್ ಬಿಟ್ರೆ ಯಾರ್ ಮಾತೂ ಕೇಳಲ್ಲ” ಎಂದರು. ಹಾಲು ಅಳೆಸಿದವರೆಲ್ಲ ಕ್ಯಾನು ಹಿಡಿದು ಅಲ್ಲೇ ನಿಲ್ಲುತ್ತಿದ್ದರು. ಆಕೆ ಹಳೆಯ ಪುಟ ತೆರೆದು ಯಾರ ಹೊಲಕ್ಕೆ ಯಾವ ದಿನ ಮಿಷನ್ ಎಂಬುದನ್ನು ಗಟ್ಟಿಯಾಗಿ ಓದುತ್ತಿದ್ದರು.

“ಎಲ್ರ ಹತ್ರಾನೂ ಫೋನಿದೆಯಲ್ಲಮ್ಮ?” ಎಂದೆ.

“ಐತೆ. ಫೋನಲ್ಲಿ ನೋಡ್ಕಂಡ್ರೆ ನಂದ್ ಮೊದ್ಲು ನಿಂದ್ ಮೊದ್ಲು ಅಂತ ಜಗಳ. ಇಲ್ಲಿ ಎಲ್ರ ಮುಂದೆ ಓದಿದ್ ಮ್ಯಾಲೆ ಯಾರೂ ತಕರಾರು ತೆಗೆಯಂಗಿಲ್ಲ.”

ವಾಪಸು ಬರುವಾಗ ಬಸ್ಸಿನ ಎರಡೂ ಕಡೆ ರಾಗಿ ತೆನೆ ಬಾಗಿತ್ತು, ಆಕಾಶದಲ್ಲಿ ಸೈಕ್ಲೋನಿನ ಮೋಡವಿತ್ತು. ಸರದಿ ತಪ್ಪಿದರೆ ಮಿಷನ್ ತರೀಕೆರೆ ಕಡೆಗೆ ಹೊರಟುಬಿಡುತ್ತದೆ. ಮಳೆ ಹಿಡಿದರೆ ತೆನೆ ನಿಂತಲ್ಲೇ ಮೊಳೆಯುತ್ತದೆ. ಹಳೆಯದನ್ನೆಲ್ಲ ಎಂದೆಂದಿಗೂ ಹೊತ್ತುಕೊಂಡೇ ತಿರುಗಬೇಕೆಂದು ನಾನು ಹೇಳುವುದಿಲ್ಲ; ಹಾಗೆ ಮಾಡಿದರೆ ಹೊಸದು ಹುಟ್ಟುವುದೇ ಇಲ್ಲ. ಬಿಡುವ ಮೊದಲು, ಅದನ್ನು ಹಿಡಿದುಕೊಂಡವರು ಯಾಕೆ ಹಿಡಿದಿದ್ದಾರೆಂದು ಕೇಳಬೇಕು, ಅಷ್ಟೇ.

ನಕ್ಷೆ ತೆಗೆದುಬಿಡೋಣ ಎಂದಾಗ ನಂದೀಶನ ಮುಖ ಸಣ್ಣದಾಯಿತು. ನಕ್ಷೆಯನ್ನೂ ಹಳೇ ಬ್ರೌಸರನ್ನೂ ಒಟ್ಟಿಗೆ ನಿಭಾಯಿಸಲು ವೇಳೆಯಿರಲಿಲ್ಲ. ನನಗೂ ಬೇಜಾರೇ ಆಯಿತು, ಅಷ್ಟು ಚೆನ್ನಾಗಿತ್ತು ಅದು. ಊರು, ದಿನ, ಹೆಸರು ಮಾತ್ರ ಇರುವ, ಹಳೇ ಬ್ರೌಸರ್‌ನಲ್ಲೂ ತೆರೆಯುವ ಸಾದಾ ಪುಟವೊಂದನ್ನು ಅವನು ಕಟ್ಟಿಕೊಟ್ಟ.

ಹೊಸ ಪುಟವನ್ನು ಜನರಿಗೆ ಬಿಟ್ಟ ಬೆಳಗ್ಗೆ ಅವನೇ ಡೈರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. “ಬಂತು ಕಣಪ್ಪಾ, ಇರು” ಎಂದ ನಾಗರತ್ನಮ್ಮ ನಮ್ಮನ್ನು ಮರೆತು ಓದತೊಡಗಿದರು. ಕ್ಯಾನುಗಳ ಸದ್ದು, ಕೆಮ್ಮು, “ಅಕ್ಕಾ, ನಮ್ದು?”, “ನಾಳೀಕೆ ಕಣೋ, ಹೊಲದ್ ಬದ ಕಡ್ದು ಮಿಷನ್ನಿಗೆ ದಾರಿ ಮಾಡು”, “ನಮ್ದೂ ನೋಡವ್ವ”, ಒಂದರ ಮೇಲೊಂದು ದನಿ. ನಂದೀಶ ಫೋನನ್ನು ಇಡಲೇ ಇಲ್ಲ. ಅವನ ಮುಂದಿನ ಪರದೆ ಆಗಲೂ, ಹಳೇ ಬ್ರೌಸರ್‌ನಿಂದ ಬಂದವರು ಒಬ್ಬರು ಎಂದೇ ತೋರಿಸುತ್ತಿತ್ತು.